ಅಪ್ಪನ ಜೊತೆ ಇಟಲಿಯ ಬಿಸಿಲು ಹುಡುಕಿಕೊಂಡು

ಅಪ್ಪ ಹಾವೇರಿ ಜಿಲ್ಲೆಯ ಹೈಸ್ಕೂಲೊಂದರಲ್ಲಿ 30 ವರ್ಷ ಡ್ರಾಯಿಂಗ್ ಮಾಸ್ತರರಾಗಿದ್ದವರು. ಈ ಸೆಪ್ಟೆಂಬರಿನಲ್ಲಿ ಎರಡು ತಿಂಗಳ ಮಟ್ಟಿಗೆ ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್‌ವೇನ್‌ನ ನಮ್ಮ ಮನೆಗೆ ಬಂದರು. ಬಂದ ದಿನದಿಂದ ಮಳೆ. ಐದನೆಯ ದಿನವೂ ನಿಲ್ಲಲಿಲ್ಲ. ಇನ್ನು ಮನೆಯಲ್ಲೇ ಕೂರಿಸಿದರೆ ಬೇಜಾರಾಗುತ್ತದೆ ಅಂತ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್‌ಗೆ ಕರೆದುಕೊಂಡು ಹೋದೆ.

ರೆಂಬ್ರಾಂಟನ 'ನೈಟ್ ವಾಚ್' ಮುಂದೆ ಅಪ್ಪ ಬಹಳ ಹೊತ್ತು ನಿಲ್ಲುತ್ತಾರೆ ಅಂದುಕೊಂಡಿದ್ದೆ. ನಿಂತರು, ನೋಡಿದರು, ಕೈ ಮುಗಿದು ಮುಂದೆ ನಡೆದರು. ಆದರೆ ಯಾನ್ ಬೋತ್ ಎಂಬುವವನ ಒಂದು ದೊಡ್ಡ ಚಿತ್ರದ ಮುಂದೆ ಅವರ ಕಾಲು ನಿಂತೇಬಿಟ್ಟಿತು. ಎತ್ತರದ ಮರಗಳು, ಒಂದು ಮಣ್ಣಿನ ದಾರಿ, ದೂರದಲ್ಲಿ ಮಂಜಿನಂತೆ ಕರಗಿದ ಬೆಟ್ಟಗಳು. ದಾರಿಯಲ್ಲಿ ಒಬ್ಬ ಕೂತು ಚಿತ್ರ ಬರೆಯುತ್ತಿದ್ದಾನೆ, ಇಷ್ಟೇ ಇಷ್ಟು. ಆದರೆ ಚಿತ್ರದ ತುಂಬ ಇರುವುದು ಬಿಸಿಲು. ಇಳಿಹೊತ್ತಿನ, ಜೇನಿನ ಬಣ್ಣದ ಬಿಸಿಲು. ಒಂದೊಂದು ಎಲೆಯ ಅಂಚಿಗೂ ಹತ್ತಿಕೊಂಡಿದೆ.

"ಇದು ಈ ಊರಿನ ಬಿಸಿಲಲ್ಲಲ್ಲವ್ವಾ," ಅಂದರು ಅಪ್ಪ. ಪಕ್ಕದ ಚೀಟಿ ಓದಿ ಹೇಳಿದೆ. ಬೋತ್ ಉಟ್ರೆಕ್ಟಿನವನು. ಇಟಲಿಗೆ ಹೋಗಿ ಬಂದವನು. ಈ ಚಿತ್ರ ಬರೆದದ್ದು 1650ರ ಸುಮಾರಿಗೆ, ವಾಪಸ್ ಬಂದು ಎಷ್ಟೋ ವರ್ಷ ಆದ ಮೇಲೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಊರಿಗೆ ಬಂದು ಬರದಾನ? ಈ ಮಳ್ಯಾಗ ಕುಂತು?"

ಆ ಪ್ರಶ್ನೆ ನನ್ನನ್ನೂ ಬಿಡಲಿಲ್ಲ. ಅಂದು ರಾತ್ರಿಯೇ ರೋಮ್‌ಗೆ ಟಿಕೆಟ್ ಮಾಡಿದೆ.

ಮೊದಲ ದಿನ, ಉಟ್ರೆಕ್ಟ್

ರೋಮ್‌ಗೆ ಮೊದಲು ಉಟ್ರೆಕ್ಟಿಗೆ ಹೋಗಲೇಬೇಕು ಅಂತ ನನ್ನ ಹಟ. ಇಟಲಿಗೆ ಹೋದ ಡಚ್ ಚಿತ್ರಕಾರರಲ್ಲಿ ಎಷ್ಟೋ ಜನ ಈ ಊರಿನವರೇ. ಆಮ್‌ಸ್ಟರ್‌ಡ್ಯಾಮಿನಿಂದ ರೈಲಿನಲ್ಲಿ ಅರ್ಧ ಗಂಟೆ. ಭಾನುವಾರ, ಸಣ್ಣ ಜಿನುಗು ಮಳೆ.

ಕಾಲುವೆಯ ಪಕ್ಕದಲ್ಲಿ ಪೌಸ್‌ಹೌಝ ಅಂತ ಒಂದು ಹಳೆಯ ಮನೆ ಇದೆ. ಪೋಪರ ಮನೆ ಅಂತ ಅರ್ಥ. ಉಟ್ರೆಕ್ಟಿನಲ್ಲೇ ಹುಟ್ಟಿದ ಆಡ್ರಿಯನ್ ಎಂಬ ಪಾದ್ರಿ 1517ರಲ್ಲಿ ತನಗೆ ಅಂತ ಕಟ್ಟಿಸಲು ಶುರು ಮಾಡಿದ್ದು. 1522ರಲ್ಲಿ ಆತನೇ ಪೋಪ್ ಆಗಿ ರೋಮ್‌ಗೆ ಹೋದ, 1523ರಲ್ಲಿ ಅಲ್ಲೇ ತೀರಿಕೊಂಡ. ಕಟ್ಟಿಸಿದ ಮನೆಯಲ್ಲಿ ಒಂದು ದಿನವೂ ಇರಲಿಲ್ಲ. ಆ ಸ್ವಲ್ಪ ಸಮಯದಲ್ಲೇ ಯಾನ್ ವ್ಯಾನ್ ಸ್ಕೋರೆಲ್ ಎಂಬ ಡಚ್ ಚಿತ್ರಕಾರನನ್ನು ವ್ಯಾಟಿಕನ್ನಿನ ಕಲಾಸಂಗ್ರಹ ನೋಡಿಕೊಳ್ಳಲು ನೇಮಿಸಿದ್ದ. ಸ್ಕೋರೆಲ್ ಇಟಲಿಯ ಚಿತ್ರಕಾರ ರಫಾಯೆಲ್ಲನ ಕೆಲಸ ಕಣ್ತುಂಬ ನೋಡಿ 1524ರಲ್ಲಿ ಈ ಊರಿಗೆ ಬಂದ. ಇಲ್ಲಿಂದ ಹೋಗಿ ಕಲಿತು ಬರುವ ದಾರಿಯನ್ನು ಮೊದಮೊದಲು ತುಳಿದವರಲ್ಲಿ ಅವನೂ ಒಬ್ಬ.

ಸೆಂಟ್ರಾಲ್ ಮ್ಯೂಸಿಯಮ್ಮಿನಲ್ಲಿ ಅಪ್ಪನಿಗೆ ಜಾಸ್ತಿ ಹಿಡಿಸಿದ್ದು ಒಬ್ಬ ಮಾಸ್ತರನ ಕಥೆ. ಆಬ್ರಹಾಂ ಬ್ಲೂಮಾರ್ಟ್. ಹುಟ್ಟಿದ್ದು 1566. ಈತ ಇಟಲಿಗೆ ಹೋಗಲೇ ಇಲ್ಲ. ಆದರೆ ಈತನ ಹತ್ತಿರ ಕಲಿತ ಹುಡುಗರ ಪಟ್ಟಿ ನೋಡಿದರೆ ಹೆಂಡ್ರಿಕ್ ಟೆರ್ ಬ್ರುಗೆನ್, ಗೆರಾರ್ಡ್ ವ್ಯಾನ್ ಹೊಂಟ್‌ಹಾರ್ಸ್ಟ್, ಕಾರ್ನೆಲಿಸ್ ವ್ಯಾನ್ ಪೂಲೆನ್‌ಬರ್ಗ್, ಆಮೇಲೆ ಬೋತ್ ಅಣ್ಣತಮ್ಮಂದಿರು, ಎಲ್ಲರೂ ರೋಮ್‌ಗೆ ಹೋದವರೇ! ಮೊದಲ ಇಬ್ಬರು ಹುಡುಗರು ಅಲ್ಲಿಂದ ಇಟಲಿಯ ಚಿತ್ರಕಾರ ಕರಾವಾಜ್ಜೋನ ನೆರಳು ಬೆಳಕು ಕಲಿತು ಬಂದರು. ಅದನ್ನು ನೋಡಿ ಮಾಸ್ತರನೂ 1621ರಲ್ಲಿ, ತನ್ನ 55ರ ಆಸುಪಾಸಿನ ವಯಸ್ಸಿನಲ್ಲಿ, ಅದೇ ಬೆಳಕು ಹಾಕಿ ಒಬ್ಬ ಕೊಳಲು ಊದುವವನನ್ನು ಬರೆದ.

"ಹುಡುಗರ ಕಡಿಂದ ಕಲತಾನ ನೋಡು," ಅಂದರು ಅಪ್ಪ. ಎರಡು ಸಲ ಅಂದರು. ಅವರ ದನಿ ಸ್ವಲ್ಪ ಬದಲಾಗಿತ್ತು.

ರೈಲಿನಲ್ಲಿ ವಾಪಸ್ ಬರುವಾಗ, ರೆಂಬ್ರಾಂಟ್ ಇಟಲಿಗೆ ಹೋಗಿದ್ದನಾ ಅಂತ ಕೇಳಿದರು. ಹೋಗಲಿಲ್ಲ. ಅವನೂ ಅವನ ಗೆಳೆಯ ಲೀವೆನ್ಸನೂ ಹುಡುಗರಾಗಿದ್ದಾಗ ಕಾನ್‌ಸ್ಟಾಂಟೈನ್ ಹೈಗೆನ್ಸ್ ಎಂಬ ದೊಡ್ಡ ಮನುಷ್ಯ ಯಾಕೆ ಹೋಗುವುದಿಲ್ಲ ಅಂತ ಕೇಳಿದ್ದಕ್ಕೆ, ನಮಗೆ ಪುರುಸೊತ್ತಿಲ್ಲ, ಇಟಲಿಯ ಒಳ್ಳೆಯ ಚಿತ್ರಗಳೆಲ್ಲ ಇಲ್ಲೇ ನೋಡಲು ಸಿಗುತ್ತವೆ ಅಂದಿದ್ದರಂತೆ. ಅಪ್ಪ ಕಿಟಕಿಯ ಆಚೆ ನೋಡುತ್ತಾ, "ಚಿತ್ರ ಸಿಗತಾವ, ಬಿಸಿಲು ಸಿಗಬೇಕಲ್ಲ," ಅಂದರು.

ಎರಡನೆಯ ದಿನ, ರೋಮ್

ಸೋಮವಾರ ಆಫೀಸಿನ ಕೆಲಸ ಮುಗಿಸಿ ಮಂಗಳವಾರ ಬೆಳಿಗ್ಗೆ ಹೊರಟೆವು. ವಿಮಾನದಲ್ಲಿ ಎರಡೂವರೆ ಗಂಟೆ. ಆ ಡಚ್ ಚಿತ್ರಕಾರರೆಲ್ಲ ತಿಂಗಳುಗಟ್ಟಲೆ ಪಯಣ ಮಾಡಿದ್ದು, ಕೆಲವರು ಫ್ರಾನ್ಸ್ ದಾಟಿ, ಕೆಲವರು ಆಲ್ಪ್ಸ್ ಹತ್ತಿ ಇಳಿದು, ಕೆಲವರು ಹಡಗಿನಲ್ಲಿ ಲಿವೊರ್ನೊ ಬಂದರಿಗೆ ಬಂದು.

ಟರ್ಮಿನಿ ಸ್ಟೇಷನ್ ಹತ್ತಿರದ ರೂಮಿನಲ್ಲಿ ಬ್ಯಾಗ್ ಇಟ್ಟು ಸೀದಾ ಪಿಯಾಝಾ ಡೆಲ್ ಪೊಪೊಲೊ ಎಂಬ ಚೌಕಕ್ಕೆ ಹೋದೆವು. ಉತ್ತರದಿಂದ ನೆಲದ ದಾರಿಯಲ್ಲಿ ಬರುತ್ತಿದ್ದವರು ಊರೊಳಗೆ ಕಾಲಿಡುತ್ತಿದ್ದದ್ದು ಇಲ್ಲಿನ ಹೆಬ್ಬಾಗಿಲಿಂದ. ಬಂದವರು ಅಲ್ಲೇ ಸುತ್ತಮುತ್ತ ರೂಮು ಹಿಡಿಯುತ್ತಿದ್ದರು. ವಿಯಾ ಮಾರ್ಗುಟ್ಟಾ ಎಂಬ ಓಣಿ ಅದರಲ್ಲಿ ಹೆಸರುವಾಸಿ. ಯಾರು ಎಲ್ಲಿದ್ದರು ಅಂತ ಇವತ್ತು ಗೊತ್ತಾಗುವುದಕ್ಕೆ ಕಾರಣ ಚರ್ಚಿನ ದಫ್ತರಗಳು. ಪ್ರತಿ ವರ್ಷ ಈಸ್ಟರ್ ಹೊತ್ತಿಗೆ ಪಾದ್ರಿ ಮನೆಮನೆಗೆ ಹೋಗಿ ಯಾರ್ಯಾರು ಇದ್ದಾರೆ ಅಂತ ಬರೆದುಕೊಳ್ಳುತ್ತಿದ್ದರು. ಹರ್ಮನ್ ವ್ಯಾನ್ ಸ್ವಾನೆವೆಲ್ಟ್ ಎಂಬ ಡಚ್ಚನೂ ಫ್ರೆಂಚ್ ಚಿತ್ರಕಾರ ಕ್ಲೋಡ್ ಲೊರೇನನೂ ಒಂದೇ ಮನೆಯಲ್ಲಿದ್ದದ್ದು ಆ ಲೆಕ್ಕದಿಂದಲೇ ತಿಳಿದಿದೆ. ಇಬ್ಬರೂ ಬೆಳಕಿನ ಹಿಂದೆ ಬಿದ್ದವರು. ರಾತ್ರಿ ಊಟದ ಹೊತ್ತಿಗೆ ಏನು ಮಾತಾಡಿಕೊಳ್ಳುತ್ತಿದ್ದರೋ.

ಓಣಿ ಈಗಲೂ ತಣ್ಣಗಿದೆ. ಗೋಡೆ ತುಂಬ ಬಳ್ಳಿ. ಅಪ್ಪನಿಗೆ ಕಾಲು ನೋಯುತ್ತಿತ್ತು, ಬೇಗ ರೂಮಿಗೆ ಬಂದೆವು. ಮನೆಯಿಂದ ತಂದಿದ್ದ ಚಪಾತಿ, ಶೇಂಗಾ ಚಟ್ನಿ ತಿಂದು ಮಲಗಿದೆವು.

ಮೂರನೆಯ ದಿನ, ಕತ್ತಲೆಯ ಚಿತ್ರಗಳು

ಬೆಳಿಗ್ಗೆ ಸಾನ್ ಲೂಯಿಜಿ ಡೇಯಿ ಫ್ರಾಂಚೇಜಿ ಚರ್ಚ್. ಒಳಗೆ ಎಡಗಡೆ ಕೊನೆಯಲ್ಲಿ ಕರಾವಾಜ್ಜೋ ಬರೆದ ಸಂತ ಮ್ಯಾಥ್ಯೂನ ಚಿತ್ರಗಳು. ಮಬ್ಬುಗತ್ತಲು. ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹತ್ತುತ್ತದೆ. ಅಪ್ಪ ನಾಣ್ಯ ಹಾಕಲು ಬಿಡಲಿಲ್ಲ. ಮೊದಲು ಕತ್ತಲಲ್ಲೇ ನೋಡಬೇಕು ಅಂದರು. ಸ್ವಲ್ಪ ಹೊತ್ತಿಗೆ ಕಣ್ಣು ಹೊಂದಿಕೊಂಡಿತು. ಕ್ರಿಸ್ತನ ಕೈ, ಮುಖಗಳು, ಒಂದೊಂದೇ ಮೇಲೆ ಬಂದವು. ಆಮೇಲೆ ಯಾರೋ ನಾಣ್ಯ ಹಾಕಿದರು. ನನಗೆ ಮೊದಲಿನದೇ ಚೆನ್ನಾಗಿತ್ತು ಅನಿಸಿತು.

ಈ ಚರ್ಚಿನ ಎದುರಿಗೇ ಜುಸ್ಟಿನಿಯಾನಿ ಮನೆತನದ ಅರಮನೆ. ಬ್ಲೂಮಾರ್ಟ್ ಮಾಸ್ತರನ ಶಿಷ್ಯ ಹೊಂಟ್‌ಹಾರ್ಸ್ಟ್ ಉಳಿದುಕೊಂಡಿದ್ದದ್ದು ಅಲ್ಲಿ. ಅಂದರೆ ರಸ್ತೆ ದಾಟಿದರೆ ಕರಾವಾಜ್ಜೋ! ಕರಾವಾಜ್ಜೋ 1610ರಲ್ಲೇ ತೀರಿಕೊಂಡಿದ್ದ. ಗೋಡೆಯ ಮೇಲಿನ ಚಿತ್ರಗಳೇ ಗುರು. ಹೊಂಟ್‌ಹಾರ್ಸ್ಟ್ ಆ ಕತ್ತಲಿಗೆ ಒಂದು ಮೇಣದಬತ್ತಿ ತಂದಿಟ್ಟ. ಬೆಳಕು ಎಲ್ಲಿಂದ ಬರುತ್ತಿದೆ ಅಂತ ಚಿತ್ರದೊಳಗೇ ಕಾಣುವ ಹಾಗೆ ಮಾಡಿದ. ಇಟಲಿಯವರು ಅವನಿಗೆ 'ಗೆರಾರ್ಡೊ ಡೆಲ್ಲೆ ನೊಟ್ಟಿ' ಅಂತ ಹೆಸರಿಟ್ಟರು, ರಾತ್ರಿಗಳ ಗೆರಾರ್ಡೊ ಅಂತ.

ಮಧ್ಯಾಹ್ನ ನದಿ ದಾಟಿ ಟ್ರಾಸ್ಟೆವೆರೆಗೆ ಹೋದೆವು. ಅಲ್ಲಿ ಸಾಂಟಾ ಮರಿಯಾ ಡೆಲ್ಲಾ ಸ್ಕಾಲಾ ಎಂಬ ಚರ್ಚಿನಲ್ಲಿ ಹೊಂಟ್‌ಹಾರ್ಸ್ಟ್ ಬರೆದ ಸಂತ ಯೋಹಾನನ ಶಿರಚ್ಛೇದದ ಚಿತ್ರ ಇವತ್ತಿಗೂ ಅದೇ ಜಾಗದಲ್ಲಿದೆ. ಇದೇ ಚರ್ಚಿನವರು ಹಿಂದೆ ಕರಾವಾಜ್ಜೋ ಬರೆದುಕೊಟ್ಟಿದ್ದ ಮಾತೆ ಮೇರಿಯ ಮರಣದ ಚಿತ್ರ ಬೇಡ ಅಂದಿದ್ದರು, ಅದೀಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಗುರುವಿನದು ಬೇಡ ಅಂದ ಚರ್ಚಿನಲ್ಲಿ ಶಿಷ್ಯನದು 400 ವರ್ಷದಿಂದ ಇದೆ.

ಅಲ್ಲಿಂದ ಗುಡ್ಡ ಹತ್ತಿದರೆ ಸಾನ್ ಪಿಯೆಟ್ರೊ ಇನ್ ಮೊಂಟೋರಿಯೊ ಚರ್ಚ್. ಉಟ್ರೆಕ್ಟಿನ ಇನ್ನೊಬ್ಬ, ಡಿರ್ಕ್ ವ್ಯಾನ್ ಬಾಬ್ಯೂರೆನ್, 1617ರಲ್ಲಿ ಬರೆದ ಚಿತ್ರ ಅಲ್ಲಿದೆ. ಕ್ರಿಸ್ತನ ದೇಹವನ್ನು ಸಮಾಧಿಗೆ ಇಳಿಸುತ್ತಿದ್ದಾರೆ. ಭಾರ ಎತ್ತುವವರ ತೋಳುಗಳನ್ನು ನೋಡಿದರೆ ನಿಜವಾಗಿ ಭಾರ ಎತ್ತುವವರನ್ನು ಹತ್ತಿರದಿಂದ ನೋಡಿ ಬರೆದಿದ್ದಾನೆ ಅಂತ ಗೊತ್ತಾಗುತ್ತದೆ. ಹೊರಗೆ ಬಂದರೆ ಇಡೀ ರೋಮ್ ಕೆಳಗೆ. ಸಂಜೆ ಆರು ಗಂಟೆ. ಮಾಡುಗಳೆಲ್ಲ ಕೆಂಪಾಗಿದ್ದವು. ಅಪ್ಪ ಚೀಲದಿಂದ ನೋಟ್‌ಬುಕ್ ತೆಗೆದರು, ಬರೆಯಲಿಲ್ಲ, ಮತ್ತೆ ಒಳಗಿಟ್ಟರು.

ನಾಲ್ಕನೆಯ ದಿನ, ದನದ ಬಯಲು ಮತ್ತು ಹಕ್ಕಿಗಳ ಗುಂಪು

ಪ್ರಾಚೀನ ರೋಮಿನ ನಡುಚೌಕವಾಗಿದ್ದ ರೋಮನ್ ಫೋರಮ್ಮಿಗೆ ಆ ಚಿತ್ರಕಾರರ ಕಾಲದಲ್ಲಿ 'ಕಾಂಪೊ ವಾಚ್ಚಿನೊ' ಅಂತ ಹೆಸರು. ದನದ ಬಯಲು. ಚಕ್ರವರ್ತಿಗಳ ಕಂಬಗಳು ಅರ್ಧ ಮಣ್ಣಲ್ಲಿ ಹೂತಿದ್ದವು, ಅವುಗಳ ನಡುವೆ ದನಗಳು ಮೇಯುತ್ತಿದ್ದವು. ಪೂಲೆನ್‌ಬರ್ಗ್ ಬರೆದದ್ದು ಅದನ್ನೇ. ಈಗ ಎಲ್ಲ ಅಗೆದು ತೆಗೆದಿದ್ದಾರೆ, ಹಾಗಾಗಿ ಅವನು ನೋಡಿದ ಬಯಲನ್ನು ಕಣ್ಣಲ್ಲೇ ಕಟ್ಟಿಕೊಳ್ಳಬೇಕು. ಒಂದು ಗುರುತು ಮಾತ್ರ ಉಳಿದಿದೆ. ಅಂಟೊನೈನಸ್ ಮತ್ತು ಫೌಸ್ಟಿನಾ ಗುಡಿಯೊಳಗೆ ಕಟ್ಟಿದ ಚರ್ಚಿನ ಬಾಗಿಲು ಗಾಳಿಯಲ್ಲಿದೆ, ಹತ್ತಲು ಮೆಟ್ಟಿಲಿಲ್ಲ. ಆಗ ನೆಲ ಅಷ್ಟು ಎತ್ತರಕ್ಕಿತ್ತು! ಆ ಬಾಗಿಲಿನ ಮಟ್ಟಕ್ಕೆ ಕಣ್ಣಿಟ್ಟು ಸುತ್ತ ನೋಡಿದರೆ ಡಚ್ಚರ ಚಿತ್ರಗಳು ಸರಿಯಾಗಿ ಕೂರುತ್ತವೆ.

ಮಧ್ಯಾಹ್ನ ಮೆಟ್ರೊ ಹಿಡಿದು ಸಾಂಟಾ ಕೊಸ್ಟಾಂಝಾ ಎಂಬ ಹಳೆಯ ಚರ್ಚಿಗೆ ಹೋದೆವು. ಪ್ರವಾಸಿಗರು ಇಲ್ಲಿಗೆ ಕಡಿಮೆ. ನನಗೆ ಈ ಇಡೀ ಪ್ರವಾಸದಲ್ಲಿ ಕಣ್ಣಿಗೆ ಕಟ್ಟಿದಂತೆ ಉಳಿದ ಜಾಗ ಇದು.

ಸುಮಾರು 1620ರ ಹೊತ್ತಿಗೆ ರೋಮಿನಲ್ಲಿದ್ದ ಡಚ್ ಮತ್ತು ಫ್ಲೆಮಿಶ್ (ಈಗಿನ ಬೆಲ್ಜಿಯಂ ಕಡೆಯ) ಕಲಾವಿದರು ಸೇರಿ ಒಂದು ಕೂಟ ಕಟ್ಟಿಕೊಂಡರು. 'ಬೆಂಟ್‌ವ್ಯೂಗೆಲ್ಸ್', ಒಂದೇ ಗುಂಪಿನ ಹಕ್ಕಿಗಳು. ಹೊಸಬ ಬಂದರೆ ದೊಡ್ಡ ಊಟ, ಖರ್ಚು ಹೊಸಬನದೇ. ತಲೆಗೆ ವೈನ್ ಸುರಿದು ಒಂದು ಅಡ್ಡಹೆಸರು ಇಡುತ್ತಿದ್ದರು. ಪೀಟರ್ ವ್ಯಾನ್ ಲಾರನ ಮೈಕಟ್ಟು ನೋಡಿ 'ಬಾಂಬೊಚ್ಚೊ', ಗೊಂಬೆ ಅಂದರು. ಬೆಂಚಿನ ಮೇಲೆ ಕೂತ ಬಡವರು, ಬೀದಿಯಲ್ಲಿ ಹಲ್ಲು ಕೀಳುವವರು, ಸುಣ್ಣದ ಭಟ್ಟಿಯ ಕೂಲಿಗಳು, ಇವರನ್ನೇ ಬರೆದವನು ಅವನು. ಅವನ ದಾರಿ ಹಿಡಿದವರಿಗೆಲ್ಲ ಆ ಹೆಸರೇ ಅಂಟಿಕೊಂಡಿತು. ಯಾನ್ ಆಸೆಲೈನ್ ಎಂಬುವವನ ಕೈ ಸೊಟ್ಟಗಿತ್ತು, ಅವನಿಗೆ 'ಕ್ರಾಬೆಟ್ಯೆ', ಪುಟ್ಟ ಏಡಿ ಅಂತ ಹೆಸರು. ರೈಕ್ಸ್‌ಮ್ಯೂಸಿಯಮ್ಮಿನಲ್ಲಿ ರೆಕ್ಕೆ ಬಿಚ್ಚಿ ಗೂಡು ಕಾಯುವ ಬಿಳಿ ಹಂಸದ ಚಿತ್ರ ಇದೆಯಲ್ಲ, ಅದು ಆ ಕೈಯದೇ. ಹೆಸರಿಟ್ಟದ್ದು ಪ್ರೀತಿಯಿಂದಲೋ ಕಾಡಿಸಲೋ, ನನಗೆ ಓದಿದಾಗ ಸಂಕಟವಾಯಿತು.

ರಾತ್ರಿಯಿಡೀ ಊಟ ಕುಡಿತ ಮುಗಿಸಿ ಬೆಳಗಿನ ಜಾವ ಎಲ್ಲರೂ ನಡೆದುಕೊಂಡು ಇಲ್ಲಿಗೆ ಬರುತ್ತಿದ್ದರು. ಇದು ಕಾನ್‌ಸ್ಟಂಟೈನ್ ಚಕ್ರವರ್ತಿಯ ಮಗಳ ಸಮಾಧಿಗಾಗಿ 4ನೆಯ ಶತಮಾನದಲ್ಲಿ ಕಟ್ಟಿದ ದುಂಡನೆಯ ಕಟ್ಟಡ. ಆದರೆ ಮೇಲೆ ಮೊಸಾಯಿಕ್‌ನಲ್ಲಿ ದ್ರಾಕ್ಷಿ ಕೊಯ್ಯುವವರು, ಕಲ್ಲಿನ ಸಮಾಧಿ ಪೆಟ್ಟಿಗೆಯ ಮೇಲೂ ದ್ರಾಕ್ಷಿ ಬಳ್ಳಿ. ಹಾಗಾಗಿ ಇದು ಮದ್ಯದ ದೇವರು ಬ್ಯಾಕಸ್‌ನ ಸಮಾಧಿ ಅಂತ ಅವರು ನಂಬಿದ್ದರು. ಆ ಕೆಂಪು ಪೆಟ್ಟಿಗೆ ಈಗ ವ್ಯಾಟಿಕನ್ನಿನಲ್ಲಿದೆ, ಇಲ್ಲಿರುವುದು ನಕಲು.

ಗೋಡೆಯ ಒಂದು ಗೂಡಿನಲ್ಲಿ ಅವರು ಕೆತ್ತಿದ ಹೆಸರುಗಳು ಇನ್ನೂ ಇವೆ. ಮೊಬೈಲ್ ಟಾರ್ಚ್ ಹಾಕಿ ಹುಡುಕಿದೆವು. ಗೀರಿನ ಮೇಲೆ ಗೀರು. ಬೇರೆ ಕಡೆ ಹಳೆಯ ಗೋಡೆಯ ಮೇಲೆ ಹೆಸರು ಕೆತ್ತಿದ್ದು ಕಂಡರೆ ನನಗೆ ಸಿಟ್ಟು ಬರುತ್ತದೆ. ಇಲ್ಲಿ ಬರಲಿಲ್ಲ. ಇಪ್ಪತ್ತು ಇಪ್ಪತ್ತೈದು ವಯಸ್ಸಿನ ಹುಡುಗರು, ಮನೆಯಿಂದ ಇಷ್ಟು ದೂರ, ಭಾಷೆ ಬೇರೆ, ಧರ್ಮದ ಪಂಗಡ ಎಷ್ಟೋ ಜನರದ್ದು ಬೇರೆ. ನಾನಿಲ್ಲಿದ್ದೆ ಅಂತ ಒಂದು ಗೀರು ಎಳೆದಿದ್ದಾರೆ. ಅಪ್ಪ ಹೆಸರುಗಳ ಹತ್ತಿರ ಬೆರಳು ಒಯ್ದರು, ಮುಟ್ಟಲಿಲ್ಲ.

1720ರಲ್ಲಿ ಪೋಪ್ ಈ ಕೂಟವನ್ನೇ ನಿಷೇಧಿಸಿದರು. ಅಲ್ಲಿಗೆ ಮುಗಿಯಿತು.

ಐದನೆಯ ದಿನ, ಟಿವೊಲಿ

ರೋಮಿನಿಂದ ಪೂರ್ವಕ್ಕೆ 30 ಕಿಲೋಮೀಟರು. ಬೆಟ್ಟದ ಊರು. ಕೊರಕಲಿನ ತುದಿಯಲ್ಲಿ ಒಂದು ದುಂಡನೆಯ ಗುಡಿ, ವೆಸ್ಟಾ ದೇವಿಯದು ಅನ್ನುತ್ತಾರೆ. 18 ಕಂಬ ಇದ್ದದ್ದರಲ್ಲಿ 10 ಉಳಿದಿವೆ. ಇಟಲಿಗೆ ಬಂದ ಡಚ್ಚರಿಗೆ ಈ ಗುಡಿ ಅಂದರೆ ಪ್ರಾಣ. ಇಲ್ಲಿ ಕೂತು ಸ್ಕೆಚ್ ಮಾಡಿಕೊಂಡು, ಊರಿಗೆ ಹೋಗಿ ತಮಗೆ ಬೇಕಾದ ಬೆಟ್ಟದ ಮೇಲೆ ಬೇಕಾದ ನದಿಯ ಪಕ್ಕ ತಂದಿಡುತ್ತಿದ್ದರು. ಚಿತ್ರದಲ್ಲಿ ಎಲ್ಲ ನಿಜ, ಆದರೆ ಹಾಗೆ ಒಂದು ಜಾಗ ಭೂಮಿಯ ಮೇಲೆ ಇಲ್ಲ.

ಜಲಪಾತವೂ ಅವರು ನೋಡಿದ್ದಲ್ಲ. 1826ರಲ್ಲಿ ಅನಿಯೆನೆ ನದಿಗೆ ಪ್ರವಾಹ ಬಂದು ಊರಿನ ಒಂದು ಭಾಗವನ್ನೇ ಕೊಚ್ಚಿಕೊಂಡು ಹೋಯಿತು. ಆಮೇಲೆ ಪೋಪ್ 16ನೆಯ ಗ್ರೆಗರಿ ಬೆಟ್ಟಕ್ಕೆ ಜೋಡಿ ಸುರಂಗ ಕೊರೆಸಿ ನದಿಯನ್ನು ಬೇರೆ ಕಡೆಯಿಂದ ಬೀಳಿಸಿದರು. ಹಳೆಯ ಪಾತ್ರವೇ ಈಗಿನ ವಿಲ್ಲಾ ಗ್ರೆಗೊರಿಯಾನಾ ಎಂಬ ತೋಟ. ಮೆಟ್ಟಿಲು ಇಳಿದಷ್ಟೂ ತಂಪು, ನೀರಿನ ಸದ್ದು. ಅಪ್ಪನ ಮೊಣಕಾಲಿಗೆ ಅಷ್ಟು ಇಳಿಯುವುದು ಬೇಡ ಅಂತ ನಾನು. ಅವರು ಕೇಳಲಿಲ್ಲ. ಕೋಲು ಊರಿಕೊಂಡು ಇಳಿದರು, ಒಂದು ಕಲ್ಲಿನ ಮೇಲೆ ಕೂತು ಮೇಲಿನ ಗುಡಿಯನ್ನು ಬರೆದರು. ಒಂದು ಗಂಟೆ. ಪೆನ್ಸಿಲ್ ಮಾತ್ರ. ಬಣ್ಣದ ಡಬ್ಬಿ ಚೀಲದಲ್ಲೇ ಇತ್ತು.

"ಬಣ್ಣ ಹಚ್ಚಲ್ಲಾ?" ಅಂದೆ.

"ಈಗ ಬ್ಯಾಡ. ಮೊದಲ ನೋಡೂಣು."

ವಾಪಸ್ ಬರುವ ಬಸ್ಸು ಹೇಳಿದ ಹೊತ್ತಿಗೆ ಬರಲಿಲ್ಲ. ಮುಂದಿನದೂ ಬರಲಿಲ್ಲ. ಕೇಳಲು ಅಲ್ಲಿ ಯಾರೂ ಇರಲಿಲ್ಲ. ಒಂದೂವರೆ ಗಂಟೆ ಸ್ಟಾಪಿನ ಕಟ್ಟೆ ಮೇಲೆ ಕೂತೆವು, ಅಪ್ಪನ ಮಾತ್ರೆಯ ಹೊತ್ತು ಮೀರುತ್ತಿದೆ ಅಂತ ನನಗೆ ಒಳಗೊಳಗೇ ಗಾಬರಿ. ಆಗ ಹೊತ್ತು ಇಳಿಯಿತು. ಕೆಳಗಿನ ಬಯಲಿನಿಂದ, ರೋಮಿನ ಕಡೆಯಿಂದ, ಬಿಸಿಲು ಅಡ್ಡವಾಗಿ ಬಂತು. ಆಲಿವ್ ಗಿಡಗಳ ಹಿಂದೆ ಸೂರ್ಯ ಇದ್ದದ್ದರಿಂದ ಗಿಡಗಳು ಕಪ್ಪು, ಅಂಚು ಮಾತ್ರ ಬಂಗಾರ. ದೂರದ್ದೆಲ್ಲ ಧೂಳಿನಂಥ ಬೆಳಕಿನಲ್ಲಿ ಮಸುಕಾಗಿ ನೆಲ ಯಾವುದು ಆಕಾಶ ಯಾವುದು ಗೊತ್ತಾಗದ ಹಾಗಾಯಿತು. ಬೋತ್‌ನ ಚಿತ್ರ! ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಅಂದರು, "ಅವ ಸುಳ್ಳು ಬರದಿಲ್ಲವ್ವಾ."

ಬಸ್ಸು ಬಂದಾಗ ಏಳೂವರೆ.

ಆರನೆಯ ದಿನ, ವಾಪಸ್ ಹೋಗದವನು

ಶನಿವಾರ ಬೆಳಿಗ್ಗೆ ಪಲಾಝೊ ಕೊಲೊನ್ನಾ ಎಂಬ ಅರಮನೆ. ಅಲ್ಲಿ ಕಾಸ್ಪರ್ ವ್ಯಾನ್ ವಿಟೆಲನ ಚಿತ್ರಗಳು ತುಂಬ ಇವೆ. ಆಮರ್ಸ್‌ಫೋರ್ಟ್ ಊರಿನವನು, ಉಟ್ರೆಕ್ಟಿನಿಂದ ಇಪ್ಪತ್ತು ಕಿಲೋಮೀಟರು. 1670ರ ದಶಕದ ಮಧ್ಯದಲ್ಲಿ ರೋಮ್‌ಗೆ ಬಂದ. ಟೈಬರ್ ನದಿಯಲ್ಲಿ ದೋಣಿ ಓಡಿಸುವ ಹಾಗೆ ಮಾಡಲು ಒಬ್ಬ ಡಚ್ ನೀರಾವರಿ ಎಂಜಿನಿಯರ್ ಸರ್ವೆ ಮಾಡುತ್ತಿದ್ದ, ಅವನಿಗೆ ನಕ್ಷೆ ಚಿತ್ರ ಬರೆದುಕೊಡುವ ಕೆಲಸ ಇವನದು. ನದಿಯ ದಡ ಅಳೆಯುತ್ತಾ ಅಳೆಯುತ್ತಾ ಊರನ್ನೇ ಬರೆಯಲು ಕಲಿತ. ಕಿಟಕಿ, ದೋಣಿ, ಹರವಿದ ಬಟ್ಟೆ, ಎಲ್ಲ ಲೆಕ್ಕವಾಗಿ, ಶುಭ್ರವಾಗಿ. ಇವನು ಮರಳಿ ಹೋಗಲಿಲ್ಲ. ಹೆಸರೂ ವಾನ್ವಿಟೆಲ್ಲಿ ಆಯಿತು. 1736ರಲ್ಲಿ ರೋಮಿನಲ್ಲೇ ತೀರಿಕೊಂಡ. ಅವನ ಮಗ ಲೂಯಿಜಿ ವಾನ್ವಿಟೆಲ್ಲಿಯೇ ಕಸೆರ್ಟಾದ ದೊಡ್ಡ ಅರಮನೆಯ ವಾಸ್ತುಶಿಲ್ಪಿ. ಒಂದು ತಲೆಮಾರಿಗೆ ಡಚ್ಚರು ಇಟಲಿಯವರಾದರು. ಅಪ್ಪ ನನ್ನ ಕಡೆ ನೋಡಿದರು. ನನ್ನ ಮಗ ಮನೆಯಲ್ಲಿ ಡಚ್ಚಿನಲ್ಲಿ ಎಣಿಸುತ್ತಾನೆ. ಇಬ್ಬರೂ ಏನೂ ಮಾತಾಡಲಿಲ್ಲ.

ಸಂಜೆಯ ವಿಮಾನ. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಮಳೆ.

ಆಮೇಲೆ

ಅಪ್ಪ ಊರಿಗೆ ಹೊರಡುವ ಮುಂಚೆ ಇನ್ನೊಂದು ಸಲ ಬೋತ್‌ನ ಚಿತ್ರ ನೋಡಬೇಕು ಅಂದರು. ಈ ಸಲ ಅವರಿಗೆ ಬೋತ್ ಅಣ್ಣತಮ್ಮಂದಿರ ಕಥೆ ಪೂರ್ತಿ ಹೇಳಿದೆ. ಯಾನ್ ಮತ್ತು ಆಂಡ್ರೀಸ್. ಇಬ್ಬರೂ ರೋಮಿನಲ್ಲಿ ಜೊತೆಗಿದ್ದರು. ಆಂಡ್ರೀಸ್‌ಗೆ ಬೀದಿಯ ಜನರನ್ನು ಬರೆಯುವುದು ಇಷ್ಟ, ಯಾನ್‌ಗೆ ಮರ, ಬೆಟ್ಟ, ಬಿಸಿಲು. ವಾಪಸ್ ಬರುವ ದಾರಿಯಲ್ಲಿ ವೆನಿಸ್ಸಿನಲ್ಲಿ, 1642ರಲ್ಲಿ, ಆಂಡ್ರೀಸ್ ರಾತ್ರಿ ಕಾಲುವೆಗೆ ಬಿದ್ದು ಮುಳುಗಿ ಸತ್ತ. ಯಾನ್ ಒಬ್ಬನೇ ಉಟ್ರೆಕ್ಟಿಗೆ ಬಂದ. 1652ರಲ್ಲಿ ಸಾಯುವವರೆಗೆ, ಹತ್ತು ವರ್ಷ, ಇಟಲಿಯ ಬಿಸಿಲನ್ನೇ ಬರೆದ. ಅವನ ಚಿತ್ರ ನೋಡಿ ಡೋರ್ಡ್ರೆಕ್ಟಿನ ಆಲ್ಬರ್ಟ್ ಕಾಯ್ಪ್, ಇಟಲಿಗೆ ಕಾಲಿಡದವನು, ತನ್ನೂರಿನ ದನಗಳ ಮೇಲೂ ಅದೇ ಬಿಸಿಲು ಹಾಕಿದ.

ಅಪ್ಪ ಚಿತ್ರದಲ್ಲಿ ಕೂತು ಬರೆಯುತ್ತಿರುವ ಆ ಪುಟ್ಟ ಮನುಷ್ಯನ ಹತ್ತಿರಕ್ಕೆ ಬಗ್ಗಿದರು. ಕಾವಲಿನವರು ಸ್ವಲ್ಪ ಹಿಂದೆ ಸರಿಯಿರಿ ಅಂತ ಮೆತ್ತಗೆ ಹೇಳುವವರೆಗೂ ಅಲ್ಲೇ ಇದ್ದರು.

ಟಿವೊಲಿಯ ಸ್ಕೆಚ್ಚಿಗೆ ಇಲ್ಲೇ ಬಣ್ಣ ಹಚ್ಚಿ ಅಂದರೆ ಒಪ್ಪಲಿಲ್ಲ. "ಊರಿಗೆ ಹೋಗಿ ಹಚ್ಚತೀನಿ," ಅಂದರು.

ಹೋದ ವಾರ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ್ದಾರೆ. ಕೊರಕಲು, ಅದರ ಮೇಲೆ ಹತ್ತು ಕಂಬದ ಗುಡಿ, ಹಿಂದಿನಿಂದ ಬಿಸಿಲು. ಬಲಗಡೆ ಕೆಳಗೆ ಬಸ್ ಸ್ಟಾಪಿನ ಕಟ್ಟೆ ಇದೆ. ಗುಡಿಯ ಹತ್ತಿರ ಎಲ್ಲೂ ಬಸ್ ಸ್ಟಾಪ್ ಇರಲಿಲ್ಲ, ಅದು ಊರಿನ ಇನ್ನೊಂದು ಕಡೆ ಇತ್ತು. ಅಪ್ಪ ತಂದಿಟ್ಟಿದ್ದಾರೆ. ಕಟ್ಟೆಯ ಮೇಲೆ ನೀಲಿ ಜರ್ಕಿನ್ ಹಾಕಿಕೊಂಡು ನಾನು ಕೂತಿದ್ದೇನೆ, ಇಷ್ಟೇ ಇಷ್ಟು.